ವ್ಯಾಗನಾರ್‌ಗೆ ಮನೆಯಲ್ಲೇ ಹಾಕಿದ ಆಕ್ಸೆಲ್: ಎರಡು ಮಳೆಗಾಲದ ನಂತರ

ನಮ್ಮದು 2014ರ ವ್ಯಾಗನಾರ್, ಒಂದು ಲೀಟರ್ ಪೆಟ್ರೋಲ್. ಮುಂದಿನ ಎರಡೂ ಆಕ್ಸೆಲ್, ಅಂದರೆ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ತಿರುಗುಬಲ ಒಯ್ಯುವ ಡ್ರೈವ್ ಶಾಫ್ಟ್ ಅಸೆಂಬ್ಲಿ, ನಾನೂ ತಮ್ಮನೂ ಸೇರಿ ಮನೆ ಅಂಗಳದಲ್ಲೇ ಬದಲಾಯಿಸಿದೆವು. ಎಡಕ್ಕೆ ಮಾರುತಿ ಜೆನ್ಯೂನ್ ಹಾಕಿದೆವು. ಬಲಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದ ಬೇರೆ ಮಾಲು, ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಕ್ಕಿದ್ದು. ಎರಡೂ ಒಂದೇ ಗಾಡಿಯಲ್ಲಿ, ಒಂದೇ ರಸ್ತೆಯಲ್ಲಿ ಓಡಿವೆ.

ರಸ್ತೆ ಅಂದರೆ ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಉಡುಪಿ ಕಡೆಗೆ. ಘಾಟಿಯ 14 ಹೇರ್‌ಪಿನ್ ತಿರುವುಗಳಿಗಿಂತ ದೊಡ್ಡ ಪರೀಕ್ಷೆ ಆಕ್ಸೆಲ್‌ಗೆ ಬೇಕಿಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಎರಡನೇ ಗೇರಿನಲ್ಲಿ ಏರುವಾಗ, ಶಾಫ್ಟಿನ ಚಕ್ರದ ಕಡೆಯ ತುದಿಯಲ್ಲಿರುವ ಹೊರಗಿನ ಜಾಯಿಂಟಿನ ಆರು ಗುಂಡುಗಳು ಸವೆದಿದ್ದರೆ ಟಕ್ ಟಕ್ ಅಂತ ಸದ್ದು ಬಂದೇ ಬರುತ್ತದೆ. ಹಳೆಯ ಆಕ್ಸೆಲ್‌ಗಳು ಕೆಟ್ಟಿದ್ದು ಗೊತ್ತಾಗಿದ್ದೂ ಹಾಗೇ.

ಕೆಲಸ ಕಷ್ಟವಲ್ಲ, ಆದರೆ ಅವಸರದ್ದಲ್ಲ. ಸಮತಟ್ಟು ಜಾಗ ಬೇಕು, ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು, ಗಾಡಿಯ ಜೊತೆ ಬರುವ ಜಾಕಿಯನ್ನೇ ನಂಬಿ ಕೆಳಗೆ ತಲೆ ಹಾಕಬಾರದು. ಜಾಕ್ ಸ್ಟ್ಯಾಂಡ್ ಬೇಕೇ ಬೇಕು. ಎಲ್ಲಕ್ಕಿಂತ ಸತಾಯಿಸುವುದು ಹಬ್ ನಟ್, ಅಂದರೆ ಶಾಫ್ಟಿನ ತುದಿಯನ್ನು ಚಕ್ರದ ನಡುವಿನ ಹಬ್ಬಿಗೆ ಬಿಗಿಯುವ ದೊಡ್ಡ ನಟ್. ಅದರ ಅಂಚನ್ನು ಶಾಫ್ಟಿನ ತೋಡಿನೊಳಗೆ ಬಡಿದು ಬಗ್ಗಿಸಿರುತ್ತಾರೆ. ಉಳಿಯಿಂದ ಅದನ್ನು ಎತ್ತಿ, ಚಕ್ರ ನೆಲದ ಮೇಲಿರುವಾಗಲೇ ಉದ್ದದ ಪೈಪು ಹಾಕಿ ಸಡಿಲ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಆಮೇಲೆ ಗೇರ್ ಆಯಿಲ್ ಇಳಿಸಿ, ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿ, ಹಬ್ಬನ್ನು ಹೊರಗೆ ವಾಲಿಸಿ, ಗೇರ್‌ಬಾಕ್ಸ್ ಕಡೆಯಿಂದ ಶಾಫ್ಟನ್ನು ಮೀಟಿ ತೆಗೆಯಬೇಕು. ಶಾಫ್ಟನ್ನು ಹಿಡಿದು ಎಳೆಯಬೇಡಿ. ಗೇರ್‌ಬಾಕ್ಸ್ ಕಡೆಯ ಒಳಗಿನ ಜಾಯಿಂಟ್ ಕಳಚಿ ಮೂರು ರೋಲರ್ ಹೊರಗೆ ಬಂದರೆ ರಗಳೆ.

ಗೇರ್‌ಬಾಕ್ಸ್ ಎಡಕ್ಕಿರುವುದರಿಂದ ಬಲಗಡೆ ಶಾಫ್ಟ್ ಉದ್ದ. ಕೊಳ್ಳುವಾಗ ಯಾವ ಕಡೆಯದು ಅಂತ ಹೇಳಿ, ಹಳೆಯದರ ಪಕ್ಕ ಇಟ್ಟು ಉದ್ದ, ಹಲ್ಲುಗಳ ಲೆಕ್ಕ ನೋಡಿಕೊಳ್ಳಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕೆಲವು ಗಾಡಿಗಳಲ್ಲಿ ಶಾಫ್ಟಿನ ಮೇಲೆ ಹಲ್ಲಿನ ರಿಂಗ್ ಇರುತ್ತದೆ, ಅದೂ ಇರಬೇಕು. ಜೊತೆಗೆ ಶಾಫ್ಟ್ ಗೇರ್‌ಬಾಕ್ಸ್ ಸೇರುವಲ್ಲಿ ಆಯಿಲ್ ತಡೆಯುವ ಹೊಸ ಆಯಿಲ್ ಸೀಲ್, ಹೊಸ ಹಬ್ ನಟ್ ತಗೊಳ್ಳಿ. ಸೀಲ್ ಚಿಕ್ಕ ವಸ್ತು, ಆದರೆ ಅದು ಸೋರಿದರೆ ಮತ್ತೆ ಎಲ್ಲ ಬಿಚ್ಚಬೇಕು, ಅಲ್ವಾ? ಹಬ್ ನಟ್ಟನ್ನು ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದ, ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿ ಮಾಡಬೇಕು. ಅಂದಾಜಿನಲ್ಲಿ ಬಿಗಿದರೆ ಬೇರಿಂಗ್ ಹೋಗುತ್ತದೆ. ಟಾರ್ಕ್ ರೆಂಚ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ ಅನ್ನುತ್ತೇನೆ.

ಈಗ ಎರಡೂ ಹೇಗಿವೆ? ಮೊದಲ ವರ್ಷ ವ್ಯತ್ಯಾಸವೇ ಇರಲಿಲ್ಲ. ಕಡಿಮೆ ದುಡ್ಡಿನದ್ದು ಗಲಾಟೆ ಇಲ್ಲದೆ ಕೂತಿತು, ತಿರುವುಗಳಲ್ಲಿ ಸದ್ದಿಲ್ಲ. ಎರಡನೇ ಮಳೆಗಾಲದ ಹೊತ್ತಿಗೆ ಬಲಗಡೆ ಹೊರಗಿನ ಬೂಟಿನ, ಅಂದರೆ ಜಾಯಿಂಟನ್ನು ಮುಚ್ಚಿ ಗ್ರೀಸ್ ಹಿಡಿದಿಡುವ ರಬ್ಬರ್ ಹೊದಿಕೆಯ, ಮಡಿಕೆಗಳಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು. ಬೆರಳಿನಿಂದ ಅಗಲಿಸಿ ನೋಡಿದರೆ ಮಡಿಕೆಯ ಬುಡದಲ್ಲಿ ರಬ್ಬರ್ ಬಿಳಿಚಿಕೊಂಡು ಗಟ್ಟಿಯಾಗಿತ್ತು. ಎಡಗಡೆಯದು ಇನ್ನೂ ಮೆತ್ತಗಿದೆ, ಒತ್ತಿದರೆ ತಕ್ಷಣ ಹಿಂದಕ್ಕೆ ಬರುತ್ತದೆ. ಬಲಗಡೆ ಚಿಕ್ಕ ಕ್ಲ್ಯಾಂಪಿನ ಹತ್ತಿರ ಕಪ್ಪು ಗ್ರೀಸ್ ಜಿನುಗಿ ರಿಮ್ಮಿನ ಒಳಗೂ ಚುಕ್ಕಿ ಚುಕ್ಕಿಯಾಗಿ ಎರಚಿತ್ತು. ಉಕ್ಕು ಎರಡರದ್ದೂ ಚೆನ್ನಾಗಿದೆ, ಸೋತಿದ್ದು ರಬ್ಬರ್. ಬೂಟು ಹರಿದರೆ ಗ್ರೀಸ್ ಹೊರಗೆ, ಕೆಸರು ನೀರು ಒಳಗೆ. ಆಮೇಲೆ ಎಂಥ ಉಕ್ಕಾದರೂ ಬಾಳುವುದಿಲ್ಲ. ಕಂಪನಿ ಮಾಲಿಗೆ ಕೊಟ್ಟ ಹೆಚ್ಚಿನ ದುಡ್ಡು ಈ ಬೂಟಿಗೇ ಅಂತ ನನಗೆ ಈಗ ಅನ್ನಿಸುತ್ತದೆ.

ಬಯಲುಸೀಮೆಯಲ್ಲಿ, ಊರೊಳಗೆ ಓಡಿಸುವವರಿಗೆ ಕಡಿಮೆ ಬೆಲೆಯದು ಸಾಕಾಗಬಹುದು. ಮಲೆನಾಡಿನ ಮಣ್ಣು ರಸ್ತೆಯವರು ಕಂಪನಿಯದನ್ನೇ ಹಾಕಿಸಿ. ಜಾಯಿಂಟ್ ಸದ್ದು ಮಾಡದೆ ಬೂಟು ಮಾತ್ರ ಹರಿದಿದ್ದರೆ ಸುಮ್ನೆ ಪೂರ್ತಿ ಆಕ್ಸೆಲ್‌ಗೆ ದುಡ್ಡು ಹಾಕಬೇಡಿ, ಬೂಟ್ ಕಿಟ್ ಮತ್ತು ಗ್ರೀಸ್ ಸಾಕು. ನಾನೂ ಬಲಗಡೆಗೆ ಅದನ್ನೇ ಮಾಡುತ್ತಿದ್ದೇನೆ. ಜಾಯಿಂಟ್ ಇನ್ನೂ ಗಟ್ಟಿ ಇದೆ, ಒಳ್ಳೆ ರಬ್ಬರಿನ ಬೂಟು ತರಿಸಿಟ್ಟಿದ್ದೇನೆ, ಜೂನ್ ಮಳೆ ಹಿಡಿಯುವ ಮೊದಲು ಹಾಕಿ ಮುಗಿಸಬೇಕು.