ಮೈಸೂರಿನ ಒಂದು ಖಾಸಗಿ ಆಸ್ಪತ್ರೆ: ಮರಣ ದೃಢೀಕರಣ ಸೇವೆಯ ಬಗ್ಗೆ

ನಮ್ಮ ತಂದೆಯವರು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಐಸಿಯುನಲ್ಲಿದ್ದು, ಒಂದು ರಾತ್ರಿ ಎರಡೂವರೆಯ ಹೊತ್ತಿಗೆ ತೀರಿಕೊಂಡರು. ಚಿಕಿತ್ಸೆಯ ಬಗ್ಗೆ ನನಗೆ ಯಾವ ದೂರೂ ಇಲ್ಲ. ನಾನು ಬರೆಯುತ್ತಿರುವುದು ಆನಂತರದ ಸೇವೆಯ ಬಗ್ಗೆ, ಅಂದರೆ ಸಾವನ್ನು ದೃಢಪಡಿಸಿ, ಅದರ ಕಾರಣವನ್ನು ಬರೆದು, ನೋಂದಣಿಗೆ ಕಳುಹಿಸುವ ಕೆಲಸದ ಬಗ್ಗೆ.

ಮೊದಲನೆಯ ಕೆಲಸವನ್ನು ಅವರು ಅಚ್ಚುಕಟ್ಟಾಗಿ ಮಾಡಿದರು. ರಾತ್ರಿ ಪಾಳಿಯಲ್ಲಿದ್ದ ಕಿರಿಯ ವೈದ್ಯೆ ಮಾನಿಟರಿನ ಗೆರೆ ನೆಟ್ಟಗಾದದ್ದನ್ನಷ್ಟೇ ನಂಬಲಿಲ್ಲ. ಕಣ್ಣಿನ ಪಾಪೆಗೆ ಟಾರ್ಚ್ ಹಿಡಿದು ನೋಡಿದರು, ಕುತ್ತಿಗೆಯ ನಾಡಿ ಮುಟ್ಟಿ ನೋಡಿದರು, ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು, ಇಸಿಜಿ ತೆಗೆದು ಆ ಕಾಗದವನ್ನು ಫೈಲಿಗೆ ಸೇರಿಸಿದ ಮೇಲಷ್ಟೇ ಗಡಿಯಾರ ನೋಡಿ ಸಮಯ ಬರೆದುಕೊಂಡರು. ಬಳಿಕ ನಮ್ಮ ತಾಯಿಯವರನ್ನು ಒಳಗೆ ಕರೆದು, ಕೂರಿಸಿ, "ಅಮ್ಮಾ, ಯಜಮಾನರು ತೀರಿಕೊಂಡಿದ್ದಾರೆ" ಎಂದು ಸುತ್ತು ಬಳಸದೆ ಹೇಳಿದರು. ಆ ಹೊತ್ತಿನಲ್ಲಿ ಅಷ್ಟು ನೇರವಾದ ಮಾತೇ ನಮಗೆ ಬೇಕಾಗಿತ್ತು.

ತೊಡಕು ಶುರುವಾದದ್ದು ನಮೂನೆ 4ರಲ್ಲಿ. ಆಸ್ಪತ್ರೆಯಲ್ಲಿ ಆದ ಸಾವಿಗೆ ವೈದ್ಯರು ಕಾರಣವನ್ನು ದೃಢೀಕರಿಸಿ ಕೊಡುವ ಪತ್ರ ಅದು; ಮನೆಯಲ್ಲಿ ತೀರಿಕೊಂಡವರಿಗೆ, ಕೊನೆಯ ಕಾಯಿಲೆಯಲ್ಲಿ ನೋಡಿದ ವೈದ್ಯರು ನಮೂನೆ 4ಎ ತುಂಬುತ್ತಾರೆ. ನಮಗೆ ತೋರಿಸಿದ ಪತ್ರದಲ್ಲಿ ಸಾವಿನ ಕಾರಣವೆಂದು "ಹೃದಯ ಮತ್ತು ಶ್ವಾಸ ಸ್ತಂಭನ" ಎಂಬ ಒಂದೇ ಸಾಲು ಇತ್ತು. ಮಂಡ್ಯದಲ್ಲಿ ನರ್ಸ್ ಆಗಿರುವ ನನ್ನ ತಂಗಿ ಅದನ್ನು ಓದಿ, "ಅಣ್ಣಾ, ಇದರಲ್ಲಿ ಅಪ್ಪನ ಕಾಯಿಲೆಯೇ ಇಲ್ಲವಲ್ಲ" ಎಂದಳು. ಯಾರೇ ಸತ್ತರೂ ಹೃದಯ ನಿಲ್ಲುತ್ತದೆ, ಉಸಿರು ನಿಲ್ಲುತ್ತದೆ. ಅದು ಸಾವು ಬಂದ ಬಗೆಯೇ ಹೊರತು ಸಾವಿನ ಕಾರಣವಲ್ಲ ಎಂಬುದನ್ನು ಈ ಪತ್ರ ತುಂಬುವ ಸೂಚನೆಗಳೇ ಹೇಳುತ್ತವೆ.

ಬೆಳಿಗ್ಗೆ ಒಂಬತ್ತಕ್ಕೆ ಬಂದ ಹಿರಿಯ ವೈದ್ಯರು ಬೇಸರಿಸಿಕೊಳ್ಳದೆ ಫೈಲು ತರಿಸಿ, ನಮ್ಮೆದುರೇ ಹೊಸ ಪತ್ರ ಬರೆದರು. ಪತ್ರದ ಮೊದಲನೆಯ ಭಾಗದಲ್ಲಿ ಕಾರಣಗಳನ್ನು ಒಂದರ ಕೆಳಗೊಂದು, ಕೆಳಗಿನದರಿಂದ ಮೇಲಿನದು ಉಂಟಾಯಿತು ಎನ್ನುವ ಕ್ರಮದಲ್ಲಿ ಬರೆಯಬೇಕು. ಎಲ್ಲಕ್ಕಿಂತ ಮೇಲೆ ರಕ್ತಕ್ಕೆ ಹರಡಿದ ಸೋಂಕು, ಮೂರು ದಿನ. ಅದರ ಕೆಳಗೆ ಎಡಗಾಲಿನ ಗ್ಯಾಂಗ್ರೀನ್, ಮೂರು ವಾರ. ಎಲ್ಲಕ್ಕೂ ಬುಡದಲ್ಲಿ ಸಕ್ಕರೆ ಕಾಯಿಲೆ, ಇಪ್ಪತ್ತು ವರ್ಷ. ಎರಡನೆಯ ಭಾಗದಲ್ಲಿ, ಸಾವಿಗೆ ನೆರವಾದರೂ ಆ ಸರಪಳಿಗೆ ಸೇರದ ರಕ್ತದೊತ್ತಡ. ಪ್ರತಿ ಸಾಲಿನ ಎದುರಿಗೂ ಅದು ಎಷ್ಟು ಕಾಲದಿಂದ ಇತ್ತು ಎಂದು ನಮ್ಮ ತಾಯಿಯವರನ್ನು ಕೇಳಿ ಬರೆದುಕೊಂಡರು, ಯಾವುದನ್ನೂ ಹ್ರಸ್ವಾಕ್ಷರದಲ್ಲಿ ಮುಗಿಸಲಿಲ್ಲ. ದೇಶದ ಮರಣ ಅಂಕಿಅಂಶಗಳಿಗೆ ಆಧಾರವಾಗುವುದು ಬುಡದ ಆ ಸಾಲು. ಅದಿಲ್ಲದಿದ್ದರೆ ನಮ್ಮ ತಂದೆಯವರನ್ನು ತೆಗೆದುಕೊಂಡು ಹೋದ ಸಕ್ಕರೆ ಕಾಯಿಲೆ ಯಾವ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ಆ ವೈದ್ಯರು ಕೊಟ್ಟ ಇಪ್ಪತ್ತು ನಿಮಿಷಕ್ಕೆ ನಮ್ಮ ಮನೆಯವರೆಲ್ಲರೂ ಋಣಿಗಳು.

ನಾವು ಕಾಯುತ್ತಿದ್ದಾಗ, ಶ್ರೀರಂಗಪಟ್ಟಣದ ಕಡೆ ಅಪಘಾತವಾಗಿ ತೀರಿಕೊಂಡ ಹುಡುಗನ ಕಡೆಯವರು ತಮಗೂ ಹಾಗೆಯೇ ಪತ್ರ ಬರೆದುಕೊಡಿ ಎಂದು ಅಂಗಲಾಚುತ್ತಿದ್ದರು. ಪೊಲೀಸರ ಮಹಜರು, ಮರಣೋತ್ತರ ಪರೀಕ್ಷೆ ಆಗದೆ ಅಂಥ ಸಾವಿಗೆ ಕಾರಣ ಬರೆಯಲು ಬರುವುದಿಲ್ಲ ಎಂದು ಅದೇ ವೈದ್ಯರು ಅವರಿಗೆ ತಾಳ್ಮೆಯಿಂದ ತಿಳಿಸಿ ಹೇಳಿದರು.

ಇಷ್ಟು ಒಳ್ಳೆಯ ವೈದ್ಯರಿರುವ ಆಸ್ಪತ್ರೆಯ ದಾಖಲೆ ವಿಭಾಗ ಮಾತ್ರ ನಮ್ಮನ್ನು ಅಲೆದಾಡಿಸಿತು. ನಮೂನೆ 4ರ ಕೆಳಭಾಗದ ಚೀಟಿಯನ್ನು ಹರಿದು ಕೊಟ್ಟು, "ನೀವು ಮಂಡ್ಯದವರಲ್ಲವೇ, ಊರಿನಲ್ಲೇ ನೋಂದಣಿ ಮಾಡಿಸಿಕೊಳ್ಳಿ" ಎಂದರು. ತಿಥಿಯ ಕೆಲಸದ ನಡುವೆ ಗ್ರಾಮ ಆಡಳಿತ ಅಧಿಕಾರಿಯವರ ಬಳಿ ಹೋದರೆ, ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ, ಆಸ್ಪತ್ರೆಯ ಸಾವನ್ನು ಆಸ್ಪತ್ರೆಯವರೇ ವರದಿ ಮಾಡಬೇಕು ಎಂದು ಅವರು ವಿವರಿಸಿ ವಾಪಸು ಕಳುಹಿಸಿದರು. 21 ದಿನಗಳ ಗಡುವು ಮೀರಿದರೆ ತಡ ಶುಲ್ಕ, 30 ದಿನ ದಾಟಿದರೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ನಾವು ಮತ್ತೆ ಮೈಸೂರಿಗೆ ಬಂದು ಒತ್ತಾಯಿಸಿದ ಮೇಲೆ ಹತ್ತೊಂಬತ್ತನೆಯ ದಿನ ವರದಿ ಹೋಯಿತು.

ಕಾರಣ ಬರೆದಿರುವ ಪೂರ್ಣ ಪತ್ರದ ಪ್ರತಿ ಕೇಳಿದಾಗ, ಅದು ನೋಂದಣಿ ಕಚೇರಿಗೆ ಮಾತ್ರ ಎಂಬ ಉತ್ತರ ಬಂತು. 1969ರ ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಹತ್ತಿರದ ಸಂಬಂಧಿಗೂ ಒಂದು ಪ್ರತಿ ಕೊಡಬೇಕು. ನೋಂದಣಿ ಕಚೇರಿ ಕೊಡುವ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣವನ್ನು ತೋರಿಸುವಂತಿಲ್ಲವಾದ್ದರಿಂದ, ನಮ್ಮಂಥವರಿಗೆ ಈ ಪ್ರತಿ ಬಿಟ್ಟರೆ ಬೇರೆ ದಾರಿಯಿಲ್ಲ. ಲಿಖಿತ ಅರ್ಜಿ ಕೊಟ್ಟು ಎರಡು ಸಲ ಓಡಾಡಿದ ಮೇಲೆ ಅದು ಕೈಸೇರಿತು.

ವೈದ್ಯರ ಕೆಲಸಕ್ಕೆ ಐದಕ್ಕೆ ಐದು, ದಾಖಲೆ ವಿಭಾಗಕ್ಕೆ ಒಂದು. ರಾತ್ರಿ ಪಾಳಿಯವರಿಗೆ ಈ ಪತ್ರ ತುಂಬುವ ತರಬೇತಿ ಕೊಡಬೇಕೆಂದೂ, ಯಾವ ಕಾಗದ ಯಾರಿಗೆ, ಎಷ್ಟು ದಿನದೊಳಗೆ ಎಂಬುದನ್ನು ಕನ್ನಡದಲ್ಲಿ ಬರೆದು ಕೌಂಟರಿನ ಮುಂದೆ ಹಾಕಬೇಕೆಂದೂ ಆಡಳಿತದವರಿಗೆ ಪತ್ರ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದಿದ್ದೇನೆ.