ಬೆಳಗಿನ ಒಂದೂವರೆ ಗಂಟೆಯ ಬಾಡಿಗೆ: ಶಿವಮೊಗ್ಗದ ಒಂದು ರೀಡಿಂಗ್ ರೂಮು

ಶಿವಮೊಗ್ಗದ ಗೋಪಿ ವೃತ್ತದಿಂದ ನಡೆದು ಹೋಗುವಷ್ಟು ದೂರದಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಎರಡನೆಯ ಮಹಡಿಯಲ್ಲಿ, ಒಂದು ರೀಡಿಂಗ್ ರೂಮು ಇದೆ. ಕೆ.ಎ.ಎಸ್., ಪಿ.ಎಸ್.ಐ., ಗ್ರಾಮ ಆಡಳಿತಾಧಿಕಾರಿ, ಶಿಕ್ಷಕರ ಅರ್ಹತಾ ಪರೀಕ್ಷೆ ಎಂದು ಒಂದಲ್ಲ ಒಂದು ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ತಿಂಗಳ ಬಾಡಿಗೆ ಕೊಟ್ಟು ಕುಳಿತುಕೊಳ್ಳುವ ಜಾಗ ಅದು. ಜೂನ್ ಮೊದಲ ವಾರದಿಂದ ನಾನೂ ಅಲ್ಲಿ ಒಂದು ಮೇಜು ಹಿಡಿದಿದ್ದೇನೆ. ಯಾವ ಪರೀಕ್ಷೆಯನ್ನೂ ಬರೆಯುವ ವಯಸ್ಸು ನನ್ನದಲ್ಲ. ಹಗಲಿನಲ್ಲಿ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಉದ್ಯೋಗ. ಹೊಸನಗರ ತಾಲ್ಲೂಕಿನ ತವರುಮನೆಯಲ್ಲಿ ಅಮ್ಮ ಹಾಕುವ ಮಿಡಿ ಉಪ್ಪಿನಕಾಯಿಯನ್ನು ಊರೂರಿಗೆ ಕಳಿಸುವುದು ಎರಡು ವರ್ಷಗಳಿಂದ ಅಂಟಿಸಿಕೊಂಡಿರುವ ಪುಟ್ಟ ವ್ಯಾಪಾರ. ಇಂಥ ಉಪಕಸುಬಿನವರಿಗೆ ಈ ಜಾಗ ಎಷ್ಟರಮಟ್ಟಿಗೆ ಒದಗಿಬರುತ್ತದೆ ಎಂಬುದನ್ನು ಮೂರು ತಿಂಗಳ ಅನುಭವದಿಂದ ಬರೆಯುತ್ತಿದ್ದೇನೆ. ಕೆಲವು ಆಕ್ಷೇಪಗಳೂ ಇರುವುದರಿಂದ ಮತ್ತು ಮಾಲೀಕರು ಸಜ್ಜನರಾಗಿರುವುದರಿಂದ ಅದರ ಹೆಸರನ್ನು ಹೇಳುವುದಿಲ್ಲ.

ಮನೆಯಲ್ಲೇ ಕುಳಿತು ಮಾಡಬಾರದೇ ಎಂದು ಕೇಳಿದವರು ಹಲವರು. ಮಂಡಿಯಿಂದ ಮನೆ ಸೇರುವಾಗ ಸಂಜೆ ಏಳೂವರೆ. ಅಡಿಗೆ, ಮಗಳ ಹೋಮ್‌ವರ್ಕ್, ನಾಳೆಯ ತಯಾರಿ ಮುಗಿದ ಮೇಲೆ ಉಳಿಯುವ ಅರ್ಧ ಮುಕ್ಕಾಲು ಗಂಟೆಯನ್ನು ಮೊಬೈಲು ತಿಂದುಬಿಡುತ್ತದೆ. ಒಬ್ಬರು ಬೆಲೆ ಕೇಳುತ್ತಾರೆ, ಇನ್ನೊಬ್ಬರು ಪಾರ್ಸೆಲ್ ಎಲ್ಲಿಗೆ ಬಂತು ಎನ್ನುತ್ತಾರೆ, ಮತ್ತೊಬ್ಬರು ಕಳೆದ ವರ್ಷದ ಮಿಡಿಯೇ ಚೆನ್ನಾಗಿತ್ತು ಎಂದು ನೆನಪಿಸುತ್ತಾರೆ. ಇಷ್ಟಕ್ಕೆಲ್ಲ ಉತ್ತರ ಬರೆದು ಮಲಗುವಾಗ ಬಹಳ ವ್ಯಾಪಾರ ಮಾಡಿದ ತೃಪ್ತಿಯೇನೋ ಇರುತ್ತಿತ್ತು. ಆದರೆ ಬಾಟಲಿಯ ಮೇಲೆ ಅಂಟಿಸಬೇಕಾದ ಲೇಬಲ್ಲಿನ ಒಕ್ಕಣೆ ನಾಲ್ಕು ತಿಂಗಳಿಂದ ಅರ್ಧಕ್ಕೇ ನಿಂತಿತ್ತು, ಒಂದು ಬಾಟಲಿಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆ ಎಂಬ ಲೆಕ್ಕವನ್ನಂತೂ ನಾನು ಹಾಕಿಯೇ ಇರಲಿಲ್ಲ. ಸಾರ್ವಜನಿಕ ಗ್ರಂಥಾಲಯ ತೆರೆಯುವ ಹೊತ್ತಿಗೆ ನಾನು ಮಗಳಿಗೆ ಬುತ್ತಿ ಕಟ್ಟಿ ಮಂಡಿಗೆ ಹೊರಟಿರಬೇಕು. ಹೋಟೆಲಿನಲ್ಲಿ ಒಂದು ಕಾಫಿಗೆ ಒಂದೂವರೆ ಗಂಟೆ ಕೂರುವುದು ನಮ್ಮ ಊರಿನಲ್ಲಿ ಇನ್ನೂ ಮರ್ಯಾದೆಯ ಕೆಲಸವಲ್ಲ. ಹೀಗಾಗಿ ಬೆಳಗ್ಗೆ ಆರಕ್ಕೆ ಬಾಗಿಲು ತೆರೆಯುತ್ತದೆ ಎಂಬ ಫಲಕವೇ ನನ್ನನ್ನು ಆ ಮೆಟ್ಟಿಲು ಹತ್ತಿಸಿತು.

ಒಳಗೆ ಸುಮಾರು ಐವತ್ತು ಮೇಜುಗಳಿವೆ. ಪ್ರತಿ ಮೇಜಿಗೂ ಮೂರು ಕಡೆ ಪ್ಲೈವುಡ್ಡಿನ ಅಡ್ಡಗೋಡೆ, ಒಂದು ದೀಪ, ಒಂದು ಪ್ಲಗ್ಗು. ಕುರ್ಚಿಗೆ ಮೆತ್ತೆ ಇದೆ, ಆದರೆ ಒಂದು ಗಂಟೆಯ ನಂತರ ಸೊಂಟಕ್ಕೆ ಅದು ಇಲ್ಲವೆಂದೇ ಲೆಕ್ಕ. ಅರ್ಧ ದಿನದ ಬಾಡಿಗೆ ತಿಂಗಳಿಗೆ 800 ರೂಪಾಯಿ. ತಿಂಗಳಿಗೆ 26 ದಿನ, ದಿನಕ್ಕೆ ಒಂದೂವರೆ ಗಂಟೆಯಂತೆ ನಾನು ಕೂರುವುದು 39 ಗಂಟೆ. ಅಂದರೆ ಗಂಟೆಗೆ ಸುಮಾರು 20 ರೂಪಾಯಿ ಬೀಳುತ್ತದೆ. ಬಾಗಿಲ ಪಕ್ಕದಲ್ಲಿ ಚಪ್ಪಲಿ ಗೂಡಿನ ಮೇಲೆ ಬೀಗ ಹಾಕಬಹುದಾದ ಸಣ್ಣ ಸಣ್ಣ ಗೂಡುಗಳಿವೆ. ಮೊಬೈಲನ್ನು ಅಲ್ಲಿಡಬೇಕೆಂಬುದು ಸಲಹೆಯೇ ಹೊರತು ಕಡ್ಡಾಯವಲ್ಲ. ಈ ಇಡೀ ಸೇವೆಯಲ್ಲಿ ನನಗೆ ಅತಿ ಹೆಚ್ಚು ಬೆಲೆಬಾಳುವುದು ಆ ಗೂಡು.

ಮೊದಲ ವಾರ ಮಾತ್ರ ಪೂರ್ತಿ ದಂಡವಾಯಿತು. ನಿಶ್ಶಬ್ದವಿತ್ತು, ಮೊಬೈಲ್ ಕೈಯಲ್ಲಿರಲಿಲ್ಲ, ಎದುರಿಗೆ ಲ್ಯಾಪ್‌ಟಾಪ್ ಇತ್ತು, ಆದರೂ ಯಾವ ಕೆಲಸ ಹಿಡಿಯಬೇಕೆಂದು ಯೋಚಿಸುವುದರಲ್ಲೇ ಅರ್ಧ ಗಂಟೆ ಹೋಗುತ್ತಿತ್ತು. ಲೇಬಲ್ ತೆರೆದು, ಅದನ್ನು ಬಿಟ್ಟು ವಿಳಾಸಗಳ ಪಟ್ಟಿಗೆ ಹಾರಿ, ಅಲ್ಲಿಂದ ಬಾಟಲಿಗಳ ಬೆಲೆ ನೋಡಲು ಹೋಗಿ, ಏಳೂವರೆಗೆ ಏನೂ ಮುಗಿಯದೆ ಎದ್ದು ಬರುತ್ತಿದ್ದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮುಗಿಸದೆ ಬಿಟ್ಟ ಕೆಲಸದ ಒಂದಂಶ ಮುಂದಿನ ಕೆಲಸ ಹಿಡಿದಾಗಲೂ ಮನಸ್ಸಿಗೆ ಅಂಟಿಕೊಂಡೇ ಇರುತ್ತದೆ ಎಂದು ತೋರಿಸಿದ್ದಾರೆ. ಸೊನೆ ತಾಗಿದ ಕೈಯಲ್ಲಿ ಏನು ಮುಟ್ಟಿದರೂ ಅದರ ವಾಸನೆಯೇ ಬರುವಂತೆ. ಎರಡನೆಯ ವಾರದಿಂದ ಹಿಂದಿನ ರಾತ್ರಿಯೇ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ಸಾಲು ಬರೆದಿಡತೊಡಗಿದೆ: ನಾಳೆ ಇದು. ಇದನ್ನು ಯಾವ ರೀಡಿಂಗ್ ರೂಮೂ ನಮ್ಮ ಪರವಾಗಿ ಮಾಡಿಕೊಡುವುದಿಲ್ಲ. ಆ ಸಾಲನ್ನು ಬರೆಯದೆ ಹೋದ ದಿನಗಳಲ್ಲಿ ನಾನು ಕೊಟ್ಟ ಬಾಡಿಗೆಗೆ ಸಿಕ್ಕಿದ್ದು ಫ್ಯಾನಿನ ಗಾಳಿಯಷ್ಟೇ.

ಲೆಕ್ಕದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ಬಗೆಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ದರ ಹಾಕಿ, ಕ್ವಿಂಟಾಲಿಗೆ ಒಂದು ರೂಪಾಯಿ ಏರುಪೇರಾದರೂ ಮತ್ತೆ ಕೂಡಿಸಿ ನೋಡುವ ನಾನು, ಸ್ವಂತ ವ್ಯಾಪಾರವನ್ನು ಬಾಯಿಲೆಕ್ಕದಲ್ಲೇ ನಡೆಸುತ್ತಿದ್ದೆ. ಅರ್ಧ ಕಿಲೋ ಬಾಟಲಿಗೆ 280 ರೂಪಾಯಿ ಬೆಲೆ, 190 ಖರ್ಚು, 90 ಲಾಭ ಎಂಬುದು ನನ್ನ ತಲೆಯಲ್ಲಿದ್ದ ಲೆಕ್ಕ. ಸತತ ಮೂರು ಬೆಳಗ್ಗೆ ಕುಳಿತು ಹಳೆಯ ಚೀಟಿಗಳನ್ನೆಲ್ಲ ಹರಡಿಕೊಂಡಾಗ ಆ 90 ಕರಗತೊಡಗಿತು. ಪೆಟ್ಟಿಗೆ ಮತ್ತು ಸುತ್ತುವ ಸಾಮಗ್ರಿಗೆ ಬಾಟಲಿಯೊಂದಕ್ಕೆ 12 ರೂಪಾಯಿ, ಊರಿಂದ ಶಿವಮೊಗ್ಗದವರೆಗೆ ಬಸ್ಸಿನಲ್ಲಿ ತರಿಸುವುದಕ್ಕೆ 8 ರೂಪಾಯಿ. ಕಳಿಸಿದ ನೂರು ಗಾಜಿನ ಬಾಟಲಿಗಳಲ್ಲಿ ಐದು ದಾರಿಯಲ್ಲಿ ಒಡೆದಿದ್ದವು. ಪ್ರತಿಯೊಂದಕ್ಕೂ ಬದಲಿ ಬಾಟಲಿಯ 190 ಮತ್ತು ಮತ್ತೆ ಕಳಿಸಿದ ಅಂಚೆವೆಚ್ಚದ 70 ಸೇರಿ 260 ರೂಪಾಯಿ ಕೈಬಿಟ್ಟಿತ್ತು. ಅದನ್ನು ನೂರು ಬಾಟಲಿಗೆ ಹಂಚಿದರೆ ತಲಾ 13 ರೂಪಾಯಿ. ಉಳಿದದ್ದು 57. ಇಷ್ಟರ ಮೇಲೆ ಅಮ್ಮನ ದುಡಿಮೆಗೆ ನಾನು ಒಂದು ಕಾಸನ್ನೂ ಹಿಡಿದಿರಲಿಲ್ಲ. ತೊಟ್ಟು ಮುರಿಯದಂತೆ ಮಿಡಿ ಆರಿಸುವುದು, ಒರೆಸುವುದು, ಉಪ್ಪಿನಲ್ಲಿ ಹಾಕಿ ವಾರಗಟ್ಟಲೆ ಮಗುಚುವುದು, ಸಾಸಿವೆ ಮೆಣಸು ಅರೆಯುವುದು, ಇಷ್ಟನ್ನೂ ನಮ್ಮ ಮನೆಯಲ್ಲಿ ಯಾರೂ ಕೆಲಸವೆಂದು ಕರೆದವರಲ್ಲ. ಬಾಟಲಿಗೆ 25 ರೂಪಾಯಿ ಎಂದು ಬರೆದೆ. ಲಾಭ 32 ರೂಪಾಯಿಗೆ ಬಂದು ನಿಂತಿತು.

ಆ ಲೆಕ್ಕದ ಪ್ರಕಾರ ಕೊಠಡಿಯ ಬಾಡಿಗೆ ಎಂದರೆ 25 ಬಾಟಲಿಗಳ ಲಾಭ. ತಿಂಗಳಿಗೆ ನಾನು ಮಾರುವುದೇ ಸುಮಾರು 80. ಬಿಟ್ಟುಬಿಡೋಣವೆನ್ನಿಸಿದ್ದೂ ಹೌದು. ಆದರೆ ಅಂಚೆಯಲ್ಲಿ ಹೋಗುವ ಸರಕಿಗೆ ಗಾಜು ಬಿಟ್ಟು ಆಹಾರಕ್ಕೆ ಬಳಸುವ ದರ್ಜೆಯ ಪ್ಲಾಸ್ಟಿಕ್ ಡಬ್ಬಿಗೆ ಬದಲಾಯಿಸಿದ ಮೇಲೆ ಒಡೆಯುವುದು ನಿಂತಿತು. 80 ಬಾಟಲಿಗೆ 13ರಂತೆ ತಿಂಗಳಿಗೆ 1040 ರೂಪಾಯಿ ಉಳಿಯಿತು, ಬಾಡಿಗೆ ಅದರಲ್ಲೇ ಹೋಗುತ್ತದೆ. ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ಕಿಗೆ ಹಾಕುವುದು ಅಮ್ಮನಿಗೆ ಇಂದಿಗೂ ಸಮ್ಮತವಿಲ್ಲ. ಶಿವಮೊಗ್ಗದಲ್ಲಿ ಕೈಯಾರೆ ಒಯ್ಯುವವರಿಗೆ ಗಾಜು, ದೂರದವರಿಗೆ ಡಬ್ಬಿ ಎಂಬ ರಾಜಿಯಾಗಿದೆ.

ಲೇಬಲ್ಲಿನ ಕೆಲಸ ಆರು ಬೆಳಗ್ಗೆಗಳನ್ನು ಹಿಡಿಯಿತು. ನಿವ್ವಳ ತೂಕ, ತಯಾರಿಯ ದಿನಾಂಕ, ಗರಿಷ್ಠ ಮಾರಾಟ ಬೆಲೆ, ದೂರಿಗೆ ಸಂಪರ್ಕ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ ಇವೆಲ್ಲ ಕೂಡಿಸಿ ಬರೆದರೆ ಮುಗಿಯುವ ವಿಷಯಗಳು. ತಡೆದು ನಿಲ್ಲಿಸಿದ್ದು ಹೆಸರು. ಮಲೆನಾಡಿನ ಅಪ್ಪೆಮಿಡಿಗೆ 2009ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ, ಅಂದರೆ ಆ ಪ್ರದೇಶದ ವಿಶಿಷ್ಟ ಉತ್ಪನ್ನವೆಂಬ ಗುರುತು ಸಿಕ್ಕಿದೆ. 1999ರ ಭೌಗೋಳಿಕ ಸೂಚಕಗಳ ಕಾಯ್ದೆಯಲ್ಲಿ ಅಂಥ ಹೆಸರಿಗೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳುವ ವ್ಯವಸ್ಥೆಯಿದೆ. ನಾವು ಹಾಕುವುದರಲ್ಲಿ ಹೊಳೆದಂಡೆಯ ಜೀರಿಗೆ ವಾಸನೆಯ ಮಿಡಿಯೂ ಇರುತ್ತದೆ, ನೆರೆಮನೆಯವರು ಕೊಟ್ಟ ಯಾವುದೋ ಕಾಡುಮಾವಿನ ಮಿಡಿಯೂ ಇರುತ್ತದೆ. ನೋಂದಣಿಯಿಲ್ಲದೆ, ಬೆರಕೆ ಮಿಡಿಗೆ ಆ ಹೆಸರನ್ನು ಹಾಕುವುದು ಸರಿಯಲ್ಲವೆಂದು ತೀರ್ಮಾನಿಸಿ ‘ಮಾವಿನ ಮಿಡಿ ಉಪ್ಪಿನಕಾಯಿ’ ಎಂದಷ್ಟೇ ಬರೆದೆ. ಇಂಥ ತೀರ್ಮಾನಗಳು ವಾಟ್ಸಾಪ್ ಸಂದೇಶಗಳ ನಡುವೆ ಆಗುವಂಥವಲ್ಲ. ಗೂಡಿನಲ್ಲಿಟ್ಟ ಮೊಬೈಲು ಒಮ್ಮೆ ಮಾತ್ರ ನನ್ನನ್ನು ಸತಾಯಿಸಿತು: ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿರುವ ಉದ್ಯಮ್ ನೋಂದಣಿ ಮಾಡಲು ಕುಳಿತೆ, ಅದು ಉಚಿತ, ಆಧಾರ್ ಮತ್ತು ಪ್ಯಾನ್ ಸಂಖ್ಯೆ ಇದ್ದರೆ ನಾವೇ ಮಾಡಿಕೊಳ್ಳಬಹುದು, ಆದರೆ ಒಟಿಪಿ ಬರುವುದು ಮೊಬೈಲಿಗೆ. ಚಪ್ಪಲಿ ಗೂಡಿನವರೆಗೆ ಓಡಿ ಬರುವಷ್ಟರಲ್ಲಿ ಅವಧಿ ಮೀರಿತ್ತು.

ಪಕ್ಕದ ಮೇಜಿನ ಹುಡುಗಿ ಇಪ್ಪತ್ತೈದು ನಿಮಿಷ ಓದು, ಐದು ನಿಮಿಷ ಬಿಡುವು ಎಂಬ ಪದ್ಧತಿಯನ್ನು ಅನುಸರಿಸುತ್ತಾಳೆ. ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬಾತ 1980ರ ದಶಕದ ಕೊನೆಯಲ್ಲಿ ಟೊಮೆಟೊ ಆಕಾರದ ಅಡಿಗೆಮನೆಯ ಗಡಿಯಾರವೊಂದನ್ನು ಎದುರಿಗಿಟ್ಟುಕೊಂಡು ರೂಪಿಸಿದ್ದಂತೆ. ನನಗೆ ಅದು ಹೊಂದಲಿಲ್ಲ. ಖರ್ಚುವೆಚ್ಚದ ಚೀಟಿಗಳ ನಡುವೆ ಎದ್ದು ಹೋದರೆ ಮತ್ತೆ ಮೊದಲಿಂದ ಕೂಡಿಸಬೇಕಾಗುತ್ತದೆ. ಒಮ್ಮೆ ಮೆಟ್ಟಿಲಿಳಿಯುವಾಗ ಆಕೆ, ‘ಅಕ್ಕಾ, ನೀವು ಯಾವ ಪರೀಕ್ಷೆಗೆ ಓದ್ತಿರೋದು?’ ಎಂದು ಕೇಳಿದಳು. ಉಪ್ಪಿನಕಾಯಿ ಪರೀಕ್ಷೆಗೆ ಎಂದೆ. ಮರುವಾರ ಹಾಸ್ಟೆಲಿನ ಗೆಳತಿಯರಿಗೆಂದು ಅವಳೇ ಮೂರು ಬಾಟಲಿ ಒಯ್ದಳು.

ಇನ್ನು ಕೊರತೆಗಳು. ಆರಕ್ಕೆ ತೆರೆಯಬೇಕಾದ ಬಾಗಿಲು ಮಳೆ ಹಿಡಿದ ದಿನಗಳಲ್ಲಿ ಆರೂ ಇಪ್ಪತ್ತಕ್ಕೆ ತೆರೆಯುತ್ತದೆ. ದಿನವಿಡೀ ಕೂರುವ ವಿದ್ಯಾರ್ಥಿಗೆ ಇಪ್ಪತ್ತು ನಿಮಿಷ ದೊಡ್ಡದಲ್ಲ. ತೊಂಬತ್ತೇ ನಿಮಿಷ ಇರುವವರಿಗೆ ಅದು ಐದನೇ ಒಂದು ಪಾಲಿಗಿಂತ ಹೆಚ್ಚು. ಜುಲೈನಲ್ಲಿ ಎಷ್ಟೋ ದಿನ ಕೊಡೆ ಹಿಡಿದು ಮೆಟ್ಟಿಲ ಮೇಲೆ ನಿಂತೇ ನೋಟ್‌ಬುಕ್ ತೆರೆದಿದ್ದೇನೆ. ಹಿಂಭಾಗದ ಸಾಲಿನ ಮೇಲೆ ತಗಡಿನ ಚಾವಣಿ. ಆಷಾಢದ ಮಳೆ ಅದರ ಮೇಲೆ ಬೀಳುವ ಸದ್ದಿಗೆ ಕೆಲವರು ಬೇಸರಪಡುತ್ತಾರೆ, ನನಗಂತೂ ಆ ಏಕನಾದದಲ್ಲಿ ಕೆಲಸ ಇನ್ನೂ ಚೆನ್ನಾಗಿ ಸಾಗುತ್ತದೆ. ಆದರೆ ಎರಡು ಕಡೆ ಸೋರುತ್ತದೆ, ಬಕೆಟ್ ಇಟ್ಟಿದ್ದಾರೆ. ಒದ್ದೆ ರೇನ್‌ಕೋಟುಗಳನ್ನು ಒಳಗೇ ನೇತುಹಾಕುವುದರಿಂದ ಆಗಸ್ಟಿನವರೆಗೂ ಮುಗ್ಗಲು ವಾಸನೆ. ಕರೆಂಟ್ ಹೋದರೆ ಯುಪಿಎಸ್ ದೀಪಗಳನ್ನು ಉರಿಸುತ್ತದೆ, ವೈಫೈಯನ್ನು ಉಳಿಸುವುದಿಲ್ಲ. ನನ್ನ ಕೀಬೋರ್ಡಿನ ಸದ್ದಿನ ಬಗ್ಗೆ ದೂರು ಬಂದು, ಮಾಲೀಕರು ನನ್ನನ್ನು ಕಿಟಕಿಯ ಪಕ್ಕದ ಮೂಲೆಗೆ ಸ್ಥಳಾಂತರಿಸಿದರು. ದೂರು ನ್ಯಾಯವಾದದ್ದೇ.

ಫೋನಿನಲ್ಲಿ ಮಾತಾಡಿಯೇ ವ್ಯಾಪಾರ ಮಾಡಬೇಕಾದವರಿಗೆ, ಟ್ಯೂಷನ್ ಹೇಳುವವರಿಗೆ, ವಿಡಿಯೊ ಮಾಡುವವರಿಗೆ ಈ ಜಾಗವನ್ನು ನಾನು ಹೇಳಲಾರೆ. ಮಾತಿಗೆ ಇಲ್ಲಿರುವುದು ಮೆಟ್ಟಿಲು ಮಾತ್ರ. ಬರೆಯುವ, ಕೂಡಿಸುವ, ಯೋಚಿಸುವ ಕೆಲಸಗಳು ಬಾಕಿ ಬಿದ್ದಿರುವವರು ಒಂದು ತಿಂಗಳ ಮಟ್ಟಿಗೆ ನೋಡಬಹುದು. ಬಾಕಿ ಕೆಲಸವೇನೆಂದು ಗೊತ್ತಿಲ್ಲದವರು ಮೊದಲು ಮನೆಯಲ್ಲೇ ಕುಳಿತು ಅದನ್ನು ಬರೆದುಕೊಳ್ಳುವುದು ಅಗ್ಗ.

ನನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ‘ಈ ವರ್ಷ ಅಲ್ಲ’ ಎಂಬ ತಲೆಬರಹ ಇದೆ. ಗಿರಾಕಿಗಳು ಹಲಸಿನ ಹಪ್ಪಳ ಕೇಳುತ್ತಾರೆ, ಜೋನಿಬೆಲ್ಲ ಕೇಳುತ್ತಾರೆ, ಕಾಳುಮೆಣಸು, ಜೇನು, ವಾಟೆಪುಡಿ ಎಲ್ಲವನ್ನೂ ಕೇಳುತ್ತಾರೆ. ಮೊದಲಾದರೆ ಒಂದೊಂದು ಕೋರಿಕೆಗೂ ಊರಿಗೆ ಫೋನ್ ಮಾಡಿ, ದರ ವಿಚಾರಿಸಿ, ನಾಲ್ಕು ಡಬ್ಬಿ ತರಿಸಿ, ಎರಡು ಮಾರಿ, ಇನ್ನೆರಡನ್ನು ನಾವೇ ತಿನ್ನುತ್ತಿದ್ದೆವು. ಈಗ ಎಲ್ಲವೂ ಆ ಪುಟಕ್ಕೆ ಹೋಗುತ್ತವೆ. ಹದಿನಾಲ್ಕು ಸಾಲುಗಳಾಗಿವೆ. ಗಿರಾಕಿಗಳ ಸಂದೇಶಗಳಿಗೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಮ್ಮೆ, ರಾತ್ರಿ ಒಮ್ಮೆ ಮಾತ್ರ ಉತ್ತರ. ಹೀಗೆ ಮಾಡಿದ್ದರಿಂದ ಇಬ್ಬರು ಬೇರೆ ಕಡೆ ಕೊಂಡರು ಎಂಬುದನ್ನೂ ಇಲ್ಲಿ ಬರೆಯಬೇಕು.

ಸೆಪ್ಟೆಂಬರ್ ಕೊನೆಯವರೆಗೆ ಹಣ ಕಟ್ಟಿದ್ದೇನೆ. ಆಮೇಲೆ ಅಡಿಕೆ ಕೊಯ್ಲು ಜೋರಾಗುತ್ತದೆ, ಮಂಡಿಗೆ ಬೆಳಗ್ಗೆ ಬೇಗ ಹೋಗಬೇಕಾಗುತ್ತದೆ. ವಾರಕ್ಕೆ ಎರಡು ದಿನ ಸಿಕ್ಕಿದರೆ ಪುಣ್ಯ. ವಾರಕ್ಕೆರಡು ದಿನದ ದರವೇನಾದರೂ ಇದೆಯೇ ಎಂದು ಮಾಲೀಕರನ್ನು ಕೇಳಿದೆ. ಅಂಥದ್ದೇನೂ ಇಲ್ಲ ಮೇಡಂ ಎಂದರು. ಮರುದಿನ ಬೆಳಗ್ಗೆ ಆರೂ ಹದಿನೈದಕ್ಕೆ ಬೀಗ ತೆಗೆಯುತ್ತಾ, ನೀವು ಎಷ್ಟು ಕೊಡ್ತೀರಿ ಹೇಳಿ ಎಂದರು.