ಮಲೆನಾಡಿನ ಮನೆಗೆ ಒಳಾಂಗಣದ ಪಾಠ: ಕವಿಮನೆ, ಹಳೆ ಮರದ ಅಂಗಡಿ, ಚರಕದ ಬಟ್ಟೆ

ಶಿವಮೊಗ್ಗ ಸೀಮೆಯಲ್ಲಿ ಮನೆ ಕಟ್ಟಿಸುವವರು ಈಗ ಒಳಾಂಗಣಕ್ಕೆ ಮೊಬೈಲಿನಲ್ಲಿ ಚಿತ್ರ ಹುಡುಕಿ ಆಚಾರಿಯ ಕೈಗೆ ಕೊಡುತ್ತಾರೆ. ಆ ಚಿತ್ರಗಳಲ್ಲಿ ಹೆಚ್ಚಿನವು ಒಣಹವೆಯ ಊರಿನವು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಇಲ್ಲಿ ನಿಲ್ಲುವ ಅಂದವೆಂದರೆ ಮಳೆಯ ಜೊತೆ ಹೊಂದಿಕೊಂಡ ಅಂದ ಮಾತ್ರ. ಅದನ್ನು ಕಣ್ಣಾರೆ ನೋಡಿ ಕಲಿಯುವ ಜಾಗಗಳು, ಕೊಂಡು ತರುವ ಸಾಮಾನುಗಳು ಹತ್ತಿರದಲ್ಲೇ ಇವೆ. ಅವುಗಳಲ್ಲಿ ಯಾವುದರಿಂದ ಏನು ತೆಗೆದುಕೊಳ್ಳಬೇಕು, ಏನು ಬಿಡಬೇಕು ಎಂಬುದು ಈ ವಿಮರ್ಶೆ.

ಮೊದಲು ಕುಪ್ಪಳಿಯ ಕವಿಮನೆ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ., ಅಲ್ಲಿಂದ ಕೊಪ್ಪದ ಕಡೆಗೆ ಹದಿನೈದು-ಹದಿನೆಂಟು ಕಿ.ಮೀ. ಕುವೆಂಪು ಅವರ ಪೂರ್ವಿಕರ ಈ ಮೂರಂತಸ್ತಿನ ತೊಟ್ಟಿಮನೆಯನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನ ವಸ್ತುಸಂಗ್ರಹಾಲಯವಾಗಿ ನೋಡಿಕೊಳ್ಳುತ್ತಿದೆ. ಸಾಹಿತ್ಯಪ್ರೇಮಿಗಳು ಹಸ್ತಪ್ರತಿ, ಪ್ರಶಸ್ತಿಗಳ ಮುಂದೆ ನಿಲ್ಲುತ್ತಾರೆ. ಮನೆ ಕಟ್ಟಿಸುವವರು ನಿಲ್ಲಬೇಕಾದದ್ದು ಅಂಗಳಕ್ಕೆ ಮುಖ ಮಾಡಿದ ಒಳಜಗಲಿಯಲ್ಲಿ. ಒಳಗೆ ಹೋದ ಕೂಡಲೇ ಕತ್ತಲೆ ಅನಿಸುತ್ತದೆ. ಐದು ನಿಮಿಷ ಸುಮ್ಮನೆ ನಿಂತರೆ ಕಣ್ಣು ಹೊಂದಿಕೊಂಡು ಬೆಳಕು ಎಲ್ಲಿಂದ ಬಂದು ಎಲ್ಲಿಯವರೆಗೆ ಹೋಗುತ್ತದೆ ಎಂದು ತಿಳಿಯುತ್ತದೆ. ತೊಟ್ಟಿಯಿಂದ ಇಳಿದ ಬೆಳಕು ಸೂರಿನ ಕೆಳಗೆ ಹಾದು ನೆಲಕ್ಕೆ ಬಿದ್ದು, ಅಲ್ಲಿಂದ ಮೇಲೆದ್ದು ಮುಂಡಿಗೆಗಳ, ಅಂದರೆ ಮರದ ಕಂಬಗಳ ಮೈಗೆ ತಾಗುತ್ತದೆ. ಕೆತ್ತನೆ ಎದ್ದು ಕಾಣುವುದು ಈ ಬೆಳಕಿನಿಂದಲೇ. ಅದೇ ಕಂಬವನ್ನು ನಾಲ್ಕೂ ಕಡೆ ಕಿಟಕಿಯಿರುವ ಹಾಲಿನಲ್ಲಿ ನಿಲ್ಲಿಸಿ, ಮೇಲೆ ಬಿಳಿ ಎಲ್‌ಇಡಿ ಪ್ಯಾನೆಲ್ ಹಾಕಿದರೆ ಕೆತ್ತನೆಯೆಲ್ಲ ಚಪ್ಪಟೆಯಾಗುತ್ತದೆ.

ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ. ಅದರಿಂದ ನಷ್ಟವೇನಿಲ್ಲ. ಹೊರಡುವ ಮೊದಲೇ ನಿಮ್ಮ ಗೇಣು, ಮೊಳ ಎಷ್ಟು ಇಂಚು ಎಂದು ಅಳೆದಿಟ್ಟುಕೊಂಡಿದ್ದರೆ ಅಳತೆ ಕೈಯಲ್ಲೇ ಇರುತ್ತದೆ. ಜಗಲಿಯ ಎತ್ತರ ಎಷ್ಟು, ಅಗಲ ಎಷ್ಟು, ಬಾಗಿಲು ಎಷ್ಟು ತಗ್ಗು ಎಂದು ಪುಸ್ತಕದಲ್ಲಿ ಗೀಚಿಕೊಳ್ಳಿ. ಹಿತ್ತಲ ಕಡೆಯ ಅಡುಗೆಮನೆ, ಅಟ್ಟ, ಗೋಡೆಯ ಗೂಡುಗಳನ್ನೂ ಬಿಡಬೇಡಿ. ಸಾಮಾನು ಇಡಲು ಆ ಕಾಲದವರು ಗೋಡೆಯ ದಪ್ಪವನ್ನೇ ಬಳಸಿದ್ದು ಅಲ್ಲಿ ಕಾಣುತ್ತದೆ.

ಇಲ್ಲಿಂದ ಮನೆಗೆ ತರಬಹುದಾದ ಮೊದಲ ವಸ್ತು ಜಗಲಿ. ಹಾಲಿನ ಒಂದು ಗೋಡೆಗೆ 16ರಿಂದ 18 ಇಂಚು ಎತ್ತರ, 28ರಿಂದ 30 ಇಂಚು ಅಗಲದ ಕಟ್ಟೆ ಕಟ್ಟಿಸಿ, ಮೇಲೆ ಒಂದೂಕಾಲು ಇಂಚಿನ ಹಲಗೆ ಹಾಕಿಸಿದರೆ ಸೋಫಾ ಬೇಕಾಗುವುದಿಲ್ಲ. ಸೋಫಾದ ಸೀಟಿನ ಅಗಲ ಸಾಮಾನ್ಯವಾಗಿ 22 ಇಂಚು. ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಆಗದು. ಜಗಲಿಯ ಮೇಲೆ ಅಜ್ಜಿ ಕಾಲು ಮಡಚಿ ಕೂರಬಹುದು, ಮಧ್ಯಾಹ್ನ ಒಬ್ಬರು ಮಲಗಲೂಬಹುದು. ಕೆಳಗೆ ಪೆಟ್ಟಿಗೆ ಮಾಡಿಸುವುದಾದರೆ ಮುಚ್ಚಿದ ಬಾಗಿಲು ಬೇಡ, ಪಟ್ಟಿ ಬಾಗಿಲು ಇರಲಿ. ಗಾಳಿಯಾಡದ ಪೆಟ್ಟಿಗೆಯಲ್ಲಿಟ್ಟ ಹಾಸಿಗೆ ಜುಲೈ ಹೊತ್ತಿಗೆ ವಾಸನೆ ಹೊಡೆಯುತ್ತದೆ.

ಎರಡನೆಯದು ತೊಟ್ಟಿ. 30×40 ಸೈಟಿನಲ್ಲಿ ಪೂರ್ತಿ ಅಂಗಳ ಬಿಡಲಾಗದು. 4×6 ಅಡಿಯ ಬೆಳಕಿಂಡಿ ಸಾಕು. ಇಲ್ಲಿ ಎಡವುವುದು ಮೇಲಿನ ಮುಚ್ಚಳದಲ್ಲಿ. ಪಾಲಿಕಾರ್ಬೊನೇಟ್ ಹಾಳೆಯ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತು ಕೇಳಿಸುವುದಿಲ್ಲ, ಕೆಲವು ವರ್ಷಕ್ಕೆ ಅದು ಹಳದಿಗಟ್ಟುತ್ತದೆ. ಗಾಜು ಹಾಕಿಸಿ ಸುತ್ತಲೂ ಬಿಗಿಯಾಗಿ ಮುಚ್ಚಿದರೆ ಏಪ್ರಿಲ್‌ನಲ್ಲಿ ಕೆಳಗಿನ ಕೋಣೆ ಕಾಯುತ್ತದೆ. ಲ್ಯಾಮಿನೇಟೆಡ್ ಟಫನ್ಡ್ ಗಾಜನ್ನು ಹತ್ತು ಅಡಿಗೆ ಒಂದು ಅಡಿಯಾದರೂ ಇಳಿಜಾರಾಗಿ ಕೂರಿಸಿ, ಅಡಿಯಲ್ಲಿ ನಾಲ್ಕೂ ಕಡೆ ಆರು ಇಂಚು ಗಾಳಿಯಾಡುವ ಓರೆಪಟ್ಟಿ (ಲೂವರ್), ಅದಕ್ಕೆ ಸೊಳ್ಳೆಬಲೆ ಬಿಡಿ. ಗಾಜು ಗೋಡೆಯಿಂದ ಎಲ್ಲ ದಿಕ್ಕಿಗೂ ಎರಡು ಅಡಿ ಹೊರಚಾಚಲಿ, ಇಲ್ಲದಿದ್ದರೆ ಎರಚಲು ಒಳಗೆ ಬರುತ್ತದೆ. ಕೆಳಗಿನ ನೆಲ ಎರಡು ಇಂಚು ತಗ್ಗಾಗಿದ್ದು ನೀರು ಹೋಗುವ ಕಿಂಡಿ ಇರಲೇಬೇಕು.

ಶಿವಮೊಗ್ಗ ಪೇಟೆಯಲ್ಲೇ ತುಂಗೆಯ ದಡದ ಶಿವಪ್ಪನಾಯಕನ ಅರಮನೆ ಇದೆ. ದರ್ಬಾರ್ ಸಭಾಂಗಣದ ದಪ್ಪ ಮರದ ಕಂಬ, ಕಮಾನುಗಳು ನೋಡಲು ಚೆನ್ನ, ಆದರೆ ಅವು ಅರಮನೆಯ ಅಳತೆಯವು. ಹತ್ತು ಅಡಿ ಎತ್ತರದ ಹಾಲಿಗೆ ಆ ಕಮಾನಿನ ನಕಲು ಬೇಡ.

ಇನ್ನು ಹಳೆ ಮರದ ಅಂಗಡಿಗಳು. ಬಿಚ್ಚಿದ ಮನೆಗಳ ಮುಂಡಿಗೆ, ಹೆಬ್ಬಾಗಿಲು, ಕಿಟಕಿ, ತೊಲೆಗಳನ್ನು ಇವು ಮಾರುತ್ತವೆ. ಇಲ್ಲಿ ಸಿಗುವ ಮರದ ಗುಣಮಟ್ಟ ಹೊಸ ಮರದ ಡಿಪೋದಲ್ಲಿ ಸಿಗುವುದು ಕಷ್ಟ. ದಶಕಗಟ್ಟಲೆ ಒಣಗಿ ಪಳಗಿದ ಹಲಸು, ಮತ್ತಿ, ಹೊನ್ನೆ, ಸಾಗುವಾನಿ ಇನ್ನು ತಿರುಚುವುದು ಕಡಿಮೆ. ಆದರೆ ಕಣ್ಣುಮುಚ್ಚಿ ಕೊಂಡರೆ ದುಡ್ಡಿನ ಜೊತೆಗೆ ಹುಳುವನ್ನೂ ಮನೆಗೆ ತಂದಂತೆ. ಮೊದಲು ದಬ್ಬಳದಿಂದ ಕಂಬದ ತಳ ಮತ್ತು ತಲೆಯ ಕಡೆ ಚುಚ್ಚಿ ನೋಡಿ. ಕೆಚ್ಚಿರುವ ಕಡೆ ಮೊನೆ ಇಳಿಯುವುದಿಲ್ಲ. ಕಾಲಿಂಚಿಗಿಂತ ಹೆಚ್ಚು ಸಲೀಸಾಗಿ ಇಳಿದರೆ ಒಳಗೆ ಕೊಳೆತಿದೆ. ಕುಟ್ಟೆ ಹಿಡಿದಿದ್ದರೆ ಗುಂಡುಸೂಜಿಯಷ್ಟು ತೂತುಗಳು ಕಾಣುತ್ತವೆ. ಹಳೆಯ ತೂತಿದ್ದರೆ ಹೆದರಬೇಡಿ. ಕಂಬವನ್ನು ಎರಡು ಸಲ ನೆಲಕ್ಕೆ ಕುಟ್ಟಿದಾಗ ಹಿಟ್ಟಿನಂಥ ಹೊಸ ಪುಡಿ ಉದುರಿದರೆ ಹುಳು ಇನ್ನೂ ಒಳಗಿದೆ, ಬಿಟ್ಟುಬಿಡಿ. ಬಣ್ಣ ಬಳಿದ ಕಂಬವನ್ನು ಒಂದೆರಡು ಕಡೆ ಕೆರೆಯಲು ಒಪ್ಪದ ಅಂಗಡಿಯಲ್ಲಿ ವ್ಯಾಪಾರ ಬೇಡ, ಬಣ್ಣದಡಿ ಮೇಣದ ತೇಪೆ ಇರಬಹುದು.

ದರ ಕೇಳುವಾಗ ಒಂದೊಂದು ತುಂಡಿನ ಲೆಕ್ಕವೋ ಘನಅಡಿಯ ಲೆಕ್ಕವೋ ಎಂದು ಕೇಳಿ, ಎರಡನ್ನೂ ಹಾಕಿ ನೋಡಿ. ಎಂಟಿಂಚು ಚೌಕದ, ಎಂಟಡಿ ಉದ್ದದ ಕಂಬ ಸುಮಾರು ಮೂರೂವರೆ ಘನಅಡಿ. ಸಾದಾ ತೊಲೆಗೆ ಕೆತ್ತನೆಯ ಕಂಬದ ಬೆಲೆ ಹೇಳಿದರೆ ಈ ಲೆಕ್ಕದಲ್ಲಿ ತಕ್ಷಣ ಗೊತ್ತಾಗುತ್ತದೆ. ಬೀಟೆ, ಸಾಗುವಾನಿ ತರುವುದಾದರೆ ಸಾಗಣೆಗೆ ಯಾವ ಕಾಗದ ಬೇಕು ಎಂದು ಮೊದಲೇ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ, ಅಂಗಡಿಯಿಂದ ಬಿಲ್ ತೆಗೆದುಕೊಳ್ಳಿ. ಲಾರಿ ಹೊರಟ ಮೇಲೆ ಹುಡುಕಾಡುವ ಕಾಗದವಲ್ಲ ಅದು.

ಕೊಳ್ಳಲು ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಆಗ ಮರದ ತೇವ ಶೇ. 12ರ ಆಸುಪಾಸಿನಲ್ಲಿರುತ್ತದೆ, ಮಳೆಗಾಲದಲ್ಲಿ 16 ದಾಟುತ್ತದೆ. ತೇವ ಶೇ. 5 ಹೆಚ್ಚಾದರೆ 18 ಇಂಚು ಅಗಲದ ಸಾಗುವಾನಿ ಹಲಗೆ ಅಡ್ಡಕ್ಕೆ ನಾಲ್ಕೈದು ಮಿ.ಮೀ. ಹಿಗ್ಗುತ್ತದೆ. ಬೇಸಿಗೆಯಲ್ಲಿ ಬಿಗಿಯಾಗಿ ಕೂರಿಸಿದ ಬಾಗಿಲು ಆಷಾಢದಲ್ಲಿ ಕಚ್ಚಿಕೊಳ್ಳುವುದು ಇದಕ್ಕೇ. ಹಲಗೆಯನ್ನು ಚೌಕಟ್ಟಿನಲ್ಲಿ ಕೊರೆದ ಸೀಳಿನೊಳಗೆ ಅಂಟು ಹಾಕದೆ ಸಡಿಲವಾಗಿ ಕೂರಿಸಲು, ಮೇಜಿನ ಹಲಗೆಗೆ ಉದ್ದತೂತಿನಲ್ಲಿ ಸ್ಕ್ರೂ ಹಾಕಲು ಆಚಾರಿಗೆ ಹೇಳಿ.

ಕಂಬ ನಿಲ್ಲಿಸುವ ರೀತಿಗೆ ಮತ್ತೆ ಹಳೆ ಮನೆಯನ್ನೇ ನೋಡಬೇಕು. ಅಲ್ಲಿ ಮುಂಡಿಗೆಗಳು ನೆಲಕ್ಕೆ ತಾಗದೆ ಕಲ್ಲಿನ ಮೇಲೆ ನಿಂತಿರುತ್ತವೆ. ಹೊಸ ಮನೆಗಳಲ್ಲಿ ಹಳೆ ಕಂಬವನ್ನು ನೇರ ಟೈಲ್ಸ್ ಮೇಲೆ ನಿಲ್ಲಿಸುತ್ತಾರೆ, ದಿನವೂ ನೆಲ ಒರೆಸುವ ನೀರು ತಳದ ಎಳೆಗಳಿಂದ ಮೇಲೇರಿ ಕೆಲವೇ ವರ್ಷಗಳಲ್ಲಿ ಬುಡ ಕಪ್ಪಾಗುತ್ತದೆ. ಕನಿಷ್ಠ ಆರು ಇಂಚಿನ ಕಲ್ಲಿನ ಪೀಠ, ನಡುವೆ ಸ್ಟೀಲ್ ಸರಳಿನ ಗೂಟ, ಕಂಬದ ಬುಡದ ಅಡ್ಡಕೊಯ್ತಕ್ಕೆ ಎರಡು ಸಲ ಗೇರೆಣ್ಣೆ. ಗೇರೆಣ್ಣೆ ಚರ್ಮ ಸುಡುತ್ತದೆ, ಕೈಗವಸು ಹಾಕದೆ ಮುಟ್ಟಬೇಡಿ. ಮೇಲ್ಮೈಗೆ ಹಸಿ ಅಗಸೆ ಎಣ್ಣೆ ಬಳಿಯಬೇಡಿ. ನಮ್ಮ ತೇವಕ್ಕೆ ಅದರ ಮೇಲೆಯೇ ಬೂಷ್ಟು ಬೆಳೆಯುತ್ತದೆ.

ನೆಲಕ್ಕೆ ರೆಡ್ ಆಕ್ಸೈಡ್ ಬೇಕು ಎನ್ನುವವರು ಹೆಚ್ಚಾಗಿದ್ದಾರೆ, ಕೆಲಸ ಬಲ್ಲ ಗಾರೆಯವರು ಕಡಿಮೆಯಾಗಿದ್ದಾರೆ. ಮೇಸ್ತ್ರಿಯನ್ನು ಒಪ್ಪುವ ಮೊದಲು ಅವರು ಹಾಕಿ ಒಂದು ಮಳೆಗಾಲ ಕಳೆದ ನೆಲವನ್ನು ನೋಡಿ. ಕೆಳಪದರ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ, ಒಂದೂವರೆ ಇಂಚು. ಅದು ಹಸಿಯಾಗಿರುವಾಗಲೇ ನಾಲ್ಕು ಪಾಲು ಸಿಮೆಂಟಿಗೆ ಒಂದು ಪಾಲು ಆಕ್ಸೈಡ್ ಬೆರೆಸಿದ ಮೇಲ್ಪದರ ಮೂರರಿಂದ ಐದು ಮಿ.ಮೀ. ಕೆಳಗಿನದು ಒಣಗಿದ ಮೇಲೆ ಹಾಕಿದರೆ ಹಪ್ಪಳದಂತೆ ಏಳುತ್ತದೆ. ಇಡೀ ಕೋಣೆಗೆ ಬೇಕಾದ ಪುಡಿಯನ್ನು ಒಮ್ಮೆಲೇ ಒಣದಾಗಿ ಬೆರೆಸಿಡಬೇಕು, ಇಲ್ಲದಿದ್ದರೆ ಒಂದೊಂದು ಕಡೆ ಒಂದೊಂದು ಬಣ್ಣ. ನಾಲ್ಕಡಿಗೊಂದು ಗಾಜು ಅಥವಾ ಹಿತ್ತಾಳೆ ಪಟ್ಟಿ, ಮರುದಿನದಿಂದ ಏಳು ದಿನ ನೀರು ಕಟ್ಟಿಡುವುದು, ಆಮೇಲೆ ಮೇಣ. ನೆಲಮಹಡಿಯಾದರೆ ಕಾಂಕ್ರೀಟಿನಡಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸದಿದ್ದರೆ ಮಣ್ಣಿನ ತೇವ ಮೇಲೇರಿ ಬಿಳಿ ಉಪ್ಪಿನ ಕಲೆ ಬರುತ್ತದೆ.

ಮಲೆನಾಡು ಮನೆಯ ಮಾದರಿಯಲ್ಲಿ ಕಟ್ಟಿದ ಹೋಟೆಲುಗಳು ಹೆದ್ದಾರಿಗಳ ಬದಿಯಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಹೊಸದಕ್ಕಿಂತ ಮೂರು-ನಾಲ್ಕು ವರ್ಷ ಹಳೆಯದನ್ನು ನೋಡಲು ಹೋಗಿ. ದಿನಕ್ಕೆ ನೂರಾರು ಜನ ಓಡಾಡುವ ಕಡೆ ಯಾವ ಸಾಮಾನು ಬಾಳುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಗೋಡೆಯ ಕೆಳಗಿನ ಮೂರಡಿಯನ್ನು ಗಮನಿಸಿ: ಕುರ್ಚಿಯ ಬೆನ್ನು ಉಜ್ಜಿ ಬಣ್ಣ ಹೋಗಿರುತ್ತದೆ. ಅಷ್ಟೆತ್ತರಕ್ಕೆ ಕಡಪ ಕಲ್ಲೋ ಗಾಢ ಬಣ್ಣವೋ ಇರುವ ಕಡೆ ಗೋಡೆ ಇನ್ನೂ ಶುಚಿಯಾಗಿರುತ್ತದೆ. ಊಟದ ಕೋಣೆಗೆ ಹಾಗೇ ಮಾಡಿ. ದೀಪ ಮೇಜಿನಿಂದ 28ರಿಂದ 30 ಇಂಚು ಮೇಲೆ, 2700 ಕೆಲ್ವಿನ್‌ನ ಹಳದಿ ಬೆಳಕಿನದು ಇದ್ದರೆ ಅನ್ನ-ಸಾರಿನ ಬಣ್ಣ ಚೆನ್ನಾಗಿ ಕಾಣುತ್ತದೆ. ತಾರಸಿಯ ಕೆಳಗೆ ಅಂದಕ್ಕಾಗಿ ಅಂಟಿಸಿದ ಹೆಂಚನ್ನು ಮಾತ್ರ ಅನುಕರಿಸಬೇಡಿ. ಹೆಂಚು ತಣ್ಣಗಿಡುವುದು ಸಂದುಗಳಲ್ಲಿ ಗಾಳಿ ಹೋಗುವುದರಿಂದ. ಕಾಂಕ್ರೀಟಿನ ಕೆಳಗೆ ಅದು ಜೇಡ, ಹಲ್ಲಿಗೆ ಜಾಗ.

ಪರದೆ, ಮೆತ್ತೆಯ ಹೊದಿಕೆಗೆ ಹೆಗ್ಗೋಡಿನ ಬಳಿ ಭೀಮನಕೋಣೆಯ ಚರಕ ಎಂಬ ಮಹಿಳಾ ಸಹಕಾರ ಸಂಘದ ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆಯನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇವೆ. ಅಡಿಕೆ ಚೊಗರಿನ (ಅಡಿಕೆ ಬೇಯಿಸಿದ ರಸದ) ಕಂದು ಹಳೆ ಮರದ ಪಕ್ಕ ಕೂರುವಷ್ಟು ಚೆನ್ನಾಗಿ ಯಾವ ಮಿಲ್ ಬಟ್ಟೆಯೂ ಕೂರುವುದಿಲ್ಲ. ಅದನ್ನು ಬಳಸುವ ಕ್ರಮ ತಿಳಿದಿರಬೇಕು. ನಾಲ್ಕಡಿ ಕಿಟಕಿಗೆ ಎಂಟಡಿ ಅಗಲದ ಬಟ್ಟೆ ಬೇಕು, ಉದ್ದದಲ್ಲಿ ನೂರಕ್ಕೆ ಏಳೆಂಟರಷ್ಟು ಹೆಚ್ಚು ಕೊಂಡು ಒಮ್ಮೆ ನೆನೆಸಿ ಒಣಗಿಸಿಯೇ ಹೊಲಿಸಿ. ನೇರ ಬಿಸಿಲಿಗೆ ಬಣ್ಣ ಮಾಸುತ್ತದೆ, ಆದ್ದರಿಂದ ಪಶ್ಚಿಮದ ಕಿಟಕಿಗೆ ಹಿಂದೆ ಬಿಳಿ ಹತ್ತಿಯ ಒಳಪದರ ಕೊಡಿ. ಇನ್ನೊಂದು ತೊಂದರೆ ನಮ್ಮ ಬೋರ್‌ವೆಲ್ ನೀರಿನದು. ಚೊಗರಿನ ಒಗರು ಅಂಶ ಕಬ್ಬಿಣದ ಜೊತೆ ಸೇರಿದರೆ ಕಪ್ಪಾಗುತ್ತದೆ. ಬಕೆಟ್ಟಿನ ತಳದಲ್ಲಿ ತುಕ್ಕಿನ ಬಣ್ಣ ಕೂರುವಂಥ ನೀರಿನಲ್ಲಿ ಈ ಬಟ್ಟೆ ಒಗೆದರೆ ಬೂದು ಕಲೆ ಬೀಳುತ್ತದೆ, ಅದು ಹೋಗುವುದಿಲ್ಲ. ಮಳೆನೀರು ಅಥವಾ ಬಾವಿಯ ನೀರಿನಲ್ಲಿ ಅಂಟುವಾಳದಿಂದ ಒಗೆದು ನೆರಳಲ್ಲಿ ಒಣಗಿಸಿ. ಪರದೆ ನೆಲದಿಂದ ಒಂದು ಇಂಚು ಮೇಲಿರಲಿ.

ಗೋಡೆಗೆ ಹಸೆ ಚಿತ್ತಾರ. ದೀವರ ಹೆಣ್ಣುಮಕ್ಕಳ ಈ ಕಲೆಗೆ ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿಯ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಪ್ಲಾಸ್ಟಿಕ್ ಎಮಲ್ಷನ್ ಬಳಿದ ಗೋಡೆಗೆ ಈ ಬಣ್ಣಗಳು ಹಿಡಿಯುವುದಿಲ್ಲ, ಒಣಗಿ ಉದುರುತ್ತವೆ. ಬರೆಸುವ ಜಾಗವನ್ನು ಬಣ್ಣ ಹಚ್ಚುವ ಮೊದಲೇ ಬಿಡಿಸಿಟ್ಟು ಮಣ್ಣಿನ ಲೇಪ ಕೊಡಿಸಿ, ಅಥವಾ ಕೆಮ್ಮಣ್ಣು ಬಳಿದ ಹಲಗೆಯ ಮೇಲೆ ಬರೆಸಿ ಗೋಡೆಯಿಂದ ಅರ್ಧ ಇಂಚು ದೂರದಲ್ಲಿ ತೂಗುಹಾಕಿ. ಪ್ರಿಂಟ್ ತೆಗೆದ ಸ್ಟಿಕ್ಕರ್ ಅಂಟಿಸುವ ಬದಲು ಬರೆಯುವವರಿಗೇ ಕೆಲಸ ಕೊಡಿ. ಮೂರಡಿ ಚೌಕದ ಚಿತ್ತಾರಕ್ಕೂ ದಿನಗಟ್ಟಲೆ ಹಿಡಿಯುತ್ತದೆ, ಕೂಲಿಯನ್ನು ಆ ದಿನಗಳ ಲೆಕ್ಕದಲ್ಲಿ ಮಾತಾಡಿ. ಮಳೆಗಾಲದಲ್ಲಿ ಬರೆಸಬೇಡಿ. ಲೇಪ ಒಣಗದೆ ಗೆರೆ ಹರಡುತ್ತದೆ, ಡಿಸೆಂಬರ್ ಕಳೆಯಲಿ.